ನೀಲ್ ದ್ವೀಪಕ್ಕೆ ಹೋಗುವವರು ಮೊದಲು ಹಡಗು ನೋಡಿ, ಆಮೇಲೆ ವಿಮಾನ

ನಿಮ್ಮ ಪ್ರಶ್ನೆ ಓದಿದೆ. ಜನವರಿಯಲ್ಲಿ ಐದು ದಿನ ರಜೆ ಇದೆ, ಬೆಂಗಳೂರಿನಿಂದ ಹೊರಡುತ್ತೀರಿ. ಜೊತೆಗೆ ಹೆಂಡತಿ, ಏಳು ವರ್ಷದ ಮಗಳು, ಅರವತ್ತೆಂಟು ವರ್ಷದ ಅಮ್ಮ. ಗಲಾಟೆ ಇಲ್ಲದ ಜಾಗ ಬೇಕು, ಅಂಡಮಾನಿನ ನೀಲ್ ದ್ವೀಪಕ್ಕೆ ತಲುಪುವುದು ಹೇಗೆ, ಹತ್ತಿರದ ಹ್ಯಾವ್ಲಾಕ್ ದ್ವೀಪ ಕೂಡ ಸೇರಿಸಬಹುದಾ ಅಂತ ಕೇಳಿದ್ದೀರಿ. ನಾನು ನೀಲ್‌ಗೆ ಮೂರು ಸಲ ಹೋಗಿದ್ದೇನೆ. ಎರಡನೇ ಸಲ ನನ್ನ ಅಮ್ಮನೂ ಜೊತೆಗಿದ್ದರು. ಅದಕ್ಕೇ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲರೂ ಮೊದಲು ವಿಮಾನದ ಟಿಕೆಟ್ ಮಾಡಿಸಿ, ಆಮೇಲೆ ಹೋಟೆಲ್ ನೋಡಿ, ಕೊನೆಗೆ ಹಡಗು ಹುಡುಕುತ್ತಾರೆ. ನೀಲ್‌ಗೆ ಈ ಲೆಕ್ಕ ತಿರುಗಿಸಿಕೊಳ್ಳಿ. ಅಲ್ಲಿಗೆ ವಿಮಾನ ಇಳಿಯುವುದಿಲ್ಲ. ಪೋರ್ಟ್ ಬ್ಲೇರ್‌ವರೆಗೆ ವಿಮಾನ, ಅಲ್ಲಿಂದ ಮುಂದೆ ಸಮುದ್ರ. ವಿಮಾನಕ್ಕೆ ಗಡಿಯಾರ ಇದೆ, ಸಮುದ್ರಕ್ಕೆ ಇಲ್ಲ. ಹಾಗಾಗಿ ನಿಮ್ಮ ತಾರೀಖುಗಳಿಗೆ ಯಾವ ಯಾವ ಹಡಗು ಇದೆ ಅಂತ ಮೊದಲು ನೋಡಿಕೊಳ್ಳಿ. ಅದರ ಸುತ್ತ ಉಳಿದದ್ದನ್ನು ಕೂರಿಸಿ.

ಹುಡುಕುವ ಮುಂಚೆ ಹೆಸರುಗಳ ವಿಷಯ. 2018ರ ಡಿಸೆಂಬರ್‌ನಲ್ಲಿ ನೀಲ್‌ಗೆ ಶಹೀದ್ ದ್ವೀಪ್ ಅಂತಲೂ, ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ್ ಅಂತಲೂ ಹೆಸರಿಟ್ಟರು. ನೇತಾಜಿ 1943ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಬಾವುಟ ಹಾರಿಸಿ 75 ವರ್ಷ ಆದ ನೆನಪಿಗೆ ಅದು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಒಂದು ಕಡೆ ಹಳೇ ಹೆಸರು ಇರುತ್ತದೆ, ಇನ್ನೊಂದು ಕಡೆ ಹೊಸದು. ಶಹೀದ್, ಸ್ವರಾಜ್ ಎರಡೂ ಅವಸರದಲ್ಲಿ ಒಂದೇ ಥರ ಕಾಣುತ್ತವೆ. ನನ್ನ ಗೆಳೆಯನೊಬ್ಬ ಹೀಗೇ ಹ್ಯಾವ್ಲಾಕ್‌ಗೆ ಟಿಕೆಟ್ ಮಾಡಿಸಿ, ಹೋಟೆಲ್ ನೀಲ್‌ನಲ್ಲಿ ಹಿಡಿದಿದ್ದ. ದುಡ್ಡು ಕಟ್ಟುವ ಮುಂಚೆ ಒಂದು ಸಲ ನಿಧಾನಕ್ಕೆ ಓದಿ.

ನಮ್ಮ ದೇಶದವರಿಗೆ ನೀಲ್‌ಗೆ ಯಾವ ಪರ್ಮಿಟ್ಟೂ ಬೇಡ. ಆದರೆ ಎಲ್ಲರ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಮಗಳದ್ದೂ ಸೇರಿ. ಹಡಗು ಹತ್ತುವ ಕಟ್ಟೆಯಲ್ಲಿ, ಅಂದರೆ ಜೆಟ್ಟಿಯಲ್ಲಿ, ನೋಡುತ್ತಾರೆ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನವನ್ನೇ ಹಿಡಿಯಿರಿ, ಮೂರು ಗಂಟೆಯೊಳಗೆ ತಲುಪಿಬಿಡಬಹುದು. ಕಡಿಮೆ ಬೆಲೆ ಅಂತ ಚೆನ್ನೈನಲ್ಲೋ ಕೋಲ್ಕತಾದಲ್ಲೋ ಇಳಿದು ಹತ್ತಿದರೆ ಅಮ್ಮನಿಗೆ ಸುಮ್ನೆ ಸುಸ್ತು. ಚೆನ್ನೈನಿಂದ ಹಡಗಿನಲ್ಲೇ ಹೋಗುವ ದಾರಿಯೂ ಇದೆ, ಆದರೆ ಅದಕ್ಕೆ ಹತ್ತಿರಹತ್ತಿರ ಮೂರು ದಿನ ಬೇಕು. ಐದು ದಿನದ ರಜೆಗೆ ಅದು ಆಗದ ಮಾತು.

ಬೆಳಗ್ಗೆ ಬಂದಿಳಿದು ಅವತ್ತೇ ಮಧ್ಯಾಹ್ನದ ಹಡಗು ಹತ್ತುವವರು ಬಹಳ ಜನ. ನೀವು ಹಾಗೆ ಮಾಡಬೇಡಿ. ವಿಮಾನ ಒಂದು ಗಂಟೆ ತಡವಾದರೂ ಎಲ್ಲ ಕೆಡುತ್ತದೆ. ಜೊತೆಗೆ ನಡುರಾತ್ರಿ ಎದ್ದು ದೇವನಹಳ್ಳಿಗೆ ಹೋದ ಅಮ್ಮನನ್ನು ಅದೇ ದಿನ ಸಮುದ್ರದ ಮೇಲೂ ಕರೆದುಕೊಂಡು ಹೋಗುವುದು ಸರಿಯಲ್ಲ, ಅಲ್ವಾ? ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಇರಿ. ಮಧ್ಯಾಹ್ನ ಒಂದು ನಿದ್ದೆ ಮಾಡಿ ಸಂಜೆ ಸೆಲ್ಯುಲಾರ್ ಜೈಲು ನೋಡಿ. ಆ ಸಣ್ಣ ಕೋಣೆಗಳ ಮುಂದೆ ನಿಂತಾಗ ನನ್ನ ಅಮ್ಮ ಬಹಳ ಹೊತ್ತು ಮಾತೇ ಆಡಲಿಲ್ಲ.

ಮರುದಿನ ಬೆಳಗಿನ ಹಡಗು. ಇದರಲ್ಲಿ ಎರಡು ಥರ. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ. ಸುಮಾರು ಎರಡು ಗಂಟೆ ದಾರಿ, ಟಿಕೆಟ್ ಕೆಲವು ನೂರು ರೂಪಾಯಿಯಲ್ಲೇ ಮುಗಿಯುತ್ತದೆ. ಅಲ್ಲಿನ ಜನ ದಿನಾ ಓಡಾಡುವುದು ಇದರಲ್ಲೇ, ಹಾಗಾಗಿ ಸೀಟು ಬೇಗ ತುಂಬುತ್ತದೆ. ಇನ್ನೊಂದು ಖಾಸಗಿ ಕಂಪನಿಗಳ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ವೇಗದ ಹಡಗು. ಎಸಿ ಇರುತ್ತದೆ, ಬೇಗ ತಲುಪುತ್ತದೆ, ದುಡ್ಡು ಸಾವಿರದ ಮೇಲೆ. ಇವು ಸಾಮಾನ್ಯವಾಗಿ ಹ್ಯಾಡೋ ಕಡೆಯಿಂದ ಹೊರಡುತ್ತವೆ. ಎರಡೂ ಜೆಟ್ಟಿ ಊರೊಳಗೇ ಇದ್ದರೂ ಬೇರೆ ಬೇರೆ ಕಡೆ ಇವೆ. ಟಿಕೆಟ್ ಮೇಲೆ ಯಾವ ಜೆಟ್ಟಿ ಅಂತ ನೋಡಿ ಹಿಂದಿನ ರಾತ್ರಿಯೇ ಆಟೋದವರಿಗೆ ಹೇಳಿಡಿ, ಹೊರಡುವ ಒಂದು ಗಂಟೆ ಮೊದಲೇ ಅಲ್ಲಿರಿ.

ಅಮ್ಮ ಜೊತೆಗಿರುವುದರಿಂದ ಯಾವುದು ಒಳ್ಳೆಯದು ಅಂದರೆ ನಾನು ಸರ್ಕಾರಿ ಹಡಗು ಅಂತಲೇ ಹೇಳುತ್ತೇನೆ, ಸೀಟು ಸಿಕ್ಕರೆ. ಇದು ಕೇಳುವವರಿಗೆ ಆಶ್ಚರ್ಯ ಆಗುತ್ತದೆ. ನಾವು ಹೋಗುವಾಗ ಎಸಿ ಹಡಗೇ ಹಿಡಿದಿದ್ದೆವು. ಕಿಟಕಿ ಮುಚ್ಚಿತ್ತು, ಮುಂದೆ ಟೀವಿಯಲ್ಲಿ ಏನೋ ಹಾಡು. ಬಂದರು ದಾಟಿ ಹೊರಗಿನ ಸಮುದ್ರಕ್ಕೆ ಬಂದ ಹತ್ತು ನಿಮಿಷಕ್ಕೆ ಅಮ್ಮ ನನ್ನ ಮೊಣಕೈ ಬಿಗಿಯಾಗಿ ಹಿಡಿದುಕೊಂಡರು. ಹಣೆ ಮೇಲೆ ತಣ್ಣನೆ ಬೆವರು. ಹಡಗಿನ ಹುಡುಗ ಒಂದು ಕವರ್ ತಂದುಕೊಟ್ಟ. ನೀಲ್ ಬರುವಷ್ಟರಲ್ಲಿ ಅವರಿಗೆ ಕೂತಲ್ಲಿಂದ ಏಳಲು ಆಗಲಿಲ್ಲ. ವಾಪಸ್ ಬರುವಾಗ ಸರ್ಕಾರಿ ಹಡಗಿನಲ್ಲಿ ಮೇಲಿನ ಡೆಕ್ ಮೇಲೆ ಗಾಳಿಗೆ ಕೂರಿಸಿದೆ. ದೂರದಲ್ಲಿ ಆಕಾಶ ಸಮುದ್ರ ಸೇರುವ ಗೆರೆಯನ್ನೇ ನೋಡ್ತಾ ಇರು ಅಂದೆ. ಅದೇ ಅಮ್ಮ, ಅದೇ ಸಮುದ್ರ. ಏನೂ ಆಗಲಿಲ್ಲ. ನಡುವೆ ಹಾರುವ ಮೀನುಗಳು ನೀರಿನಿಂದ ಎದ್ದು, ಬೆಳ್ಳಿ ಚಮಚ ಎಸೆದ ಹಾಗೆ ಸರ್ರನೆ ಹೋಗಿ ಮತ್ತೆ ಮುಳುಗಿದವು. ಅಮ್ಮ ಮಗುವಿನ ಥರ ಎದ್ದು ನಿಂತು ನೋಡಿದರು.

ಕಾರಣ ಸರಳ. ಮುಚ್ಚಿದ ಕ್ಯಾಬಿನ್‌ನಲ್ಲಿ ಕಣ್ಣಿಗೆ ಎಲ್ಲ ನಿಂತ ಹಾಗೆ ಕಾಣುತ್ತದೆ, ಒಳಕಿವಿಗೆ ಮಾತ್ರ ಅಲುಗಾಟ ಗೊತ್ತಾಗುತ್ತದೆ. ಎರಡೂ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಹೊರಗಿನ ಗೆರೆ ನೋಡಿದರೆ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಖಾಸಗಿ ಹಡಗೇ ಸಿಕ್ಕಿದರೆ ಮುಂದಿನ ಸಾಲು ಬೇಡ, ಅಲ್ಲಿ ಕುಲುಕಾಟ ಜಾಸ್ತಿ. ನಡುವೆ ಅಥವಾ ಸ್ವಲ್ಪ ಹಿಂದೆ, ಕೆಳಗಿನ ಅಂತಸ್ತಿನಲ್ಲಿ ಸೀಟು ಹಿಡಿಯಿರಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ತುಂಬ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಅವೋಮಿನ್ ಥರದ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಅಮ್ಮನಿಗೆ ಬಿಪಿ ಮಾತ್ರೆ ನಡೆಯುತ್ತಿದ್ದರೆ, ಮಗಳಿಗೆ ಎಷ್ಟು ಕೊಡಬೇಕು ಅನ್ನೋದಕ್ಕೂ, ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ.

ಲಗೇಜು ಕಡಿಮೆ ಇರಲಿ. ಜೆಟ್ಟಿಯಲ್ಲಿ ಹಡಗು ಕಟ್ಟಿ ನಿಲ್ಲಿಸಿದ್ದರೂ ಅದು ಏರಿ ಇಳಿಯುತ್ತಾ ಇರುತ್ತದೆ. ಹಲಗೆ ದಾಟುವಾಗ ನಾವಿಕರು ಎರಡೂ ಕಡೆ ನಿಂತು ತೋಳು ಹಿಡಿದು ದಾಟಿಸುತ್ತಾರೆ. ಆಗ ನಿಮ್ಮ ಎರಡೂ ಕೈಯಲ್ಲಿ ಸೂಟ್‌ಕೇಸ್ ಇದ್ದರೆ ಅಮ್ಮನನ್ನು ಹಿಡಿಯುವವರು ಯಾರು? ಬೆನ್ನಿಗೆ ಹಾಕುವ ಚೀಲ ಒಳ್ಳೆಯದು.

ನೀಲ್ ಜೆಟ್ಟಿಯಲ್ಲಿ ಇಳಿದ ಕೂಡಲೇ ಆಟೋದವರ ಕಡೆ ಓಡಬೇಡಿ. ಕಟಕಟೆ ಹಿಡಿದು ಒಂದು ಸಲ ಕೆಳಗೆ ಬಗ್ಗಿ ನೋಡಿ. ಕಂಬಗಳ ಬುಡದವರೆಗೂ ನೀರು ಗಾಜಿನ ಹಾಗೆ ಇರುತ್ತದೆ. ಪಟ್ಟೆಪಟ್ಟೆ ಮೀನುಗಳು ಗುಂಪುಗುಂಪಾಗಿ ಕಂಬ ಸುತ್ತುತ್ತಿರುತ್ತವೆ. ಮಗಳಿಗೆ ಅದನ್ನು ಮೊದಲು ತೋರಿಸಿ.

ದ್ವೀಪ ಬಹಳ ಚಿಕ್ಕದು. ಜೆಟ್ಟಿಯಿಂದ ಭರತ್‌ಪುರ ಬೀಚಿಗೆ ನಡೆದೇ ಹೋಗಬಹುದು. ಸೂರ್ಯ ಮುಳುಗುವುದನ್ನು ನೋಡಲು ಲಕ್ಷ್ಮಣ್‌ಪುರ, ಹುಟ್ಟುವುದನ್ನು ನೋಡಲು ಇನ್ನೊಂದು ತುದಿಯ ಸೀತಾಪುರ. ಊರಿನ ಹೆಸರೆಲ್ಲ ರಾಮಾಯಣದ್ದು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿ ಕಾಡು ಕಡಿದು ಗದ್ದೆ ತೋಟ ಮಾಡಿದವು. ಇವತ್ತಿಗೂ ಪೋರ್ಟ್ ಬ್ಲೇರ್‌ಗೆ ಇಲ್ಲಿಂದ ತರಕಾರಿ ಹೋಗುತ್ತದೆ. ಹಾಗಾಗಿ ಸಸ್ಯಾಹಾರಿಗಳಾದರೂ ಊಟಕ್ಕೆ ಯೋಚನೆ ಇಲ್ಲ. ಅನ್ನ, ಬೇಳೆ, ಬದನೆಕಾಯಿ ಬಜ್ಜಿ ಎಲ್ಲ ಕಡೆ ಸಿಗುತ್ತದೆ. ಓಡಾಡಲು ಸ್ಕೂಟರ್, ಸೈಕಲ್ ಬಾಡಿಗೆಗೆ ಕೊಡುತ್ತಾರೆ. ಅಮ್ಮನಿಗೆ ಆಟೋ.

ಹೊತ್ತಿನ ವಿಷಯ ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಅಂಡಮಾನ್ ನಮಗಿಂತ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ. ಅಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಜನವರಿಯಲ್ಲಿ ಸಂಜೆ ಐದೂಕಾಲಕ್ಕೆಲ್ಲ ಬೀಚಿನಲ್ಲಿ ಮಬ್ಬು. ಆರಾಮಾಗಿ ಹತ್ತು ಗಂಟೆಗೆ ಎದ್ದು ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಹಾಗೇ ಉಬ್ಬರ ಇಳಿತ. ಲಕ್ಷ್ಮಣ್‌ಪುರದ ಇನ್ನೊಂದು ಬದಿಯಲ್ಲಿ ಸಮುದ್ರವೇ ಕೊರೆದು ಮಾಡಿದ ಕಲ್ಲಿನ ಸೇತುವೆ ಇದೆ. ಅದರ ಬುಡಕ್ಕೆ ಹೋಗಲು ನೀರು ಇಳಿದಾಗ ಮಾತ್ರ ಸಾಧ್ಯ. ಆಗ ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಸಮುದ್ರ ಸೌತೆ, ಸಣ್ಣ ಸಣ್ಣ ಮೀನು ಕಾಣುತ್ತವೆ. ಅದೇ ಹೊತ್ತಿಗೆ ಭರತ್‌ಪುರಕ್ಕೆ ಈಜಲು ಹೋದರೆ ಮೊಣಕಾಲಷ್ಟು ನೀರು, ಕೆಳಗೆಲ್ಲ ಹವಳ. ಅಲ್ಲಿಗೆ ನೀರು ಏರಿದಾಗ ಹೋಗಬೇಕು. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಮತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಉಳಿದುಕೊಂಡ ಮನೆಯವರನ್ನು ಬಂದ ದಿನವೇ ಕೇಳಿ, ಅವರಿಗೆ ಬಾಯಲ್ಲೇ ಇರುತ್ತದೆ.

ನೆಟ್‌ವರ್ಕ್ ನಂಬಬೇಡಿ. ಚೆನ್ನೈನಿಂದ ಸಮುದ್ರದಡಿ ಹಾಕಿದ ಕೇಬಲ್ 2020ರ ಆಗಸ್ಟ್‌ನಲ್ಲಿ ಶುರುವಾಯಿತು, ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ಎಲ್ಲ ಅದರಲ್ಲಿ ಸೇರಿದವು. ನೀಲ್ ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಫೋನ್‌ಪೇ ಗಿರಗಿರ ತಿರುಗುತ್ತಾ ನಿಂತಿತು ಅಂದರೆ ಎಳನೀರಿನವರಿಗೂ ಕಷ್ಟ, ನಿಮಗೂ ಕಷ್ಟ. ಪೋರ್ಟ್ ಬ್ಲೇರ್‌ನಲ್ಲೇ ಸಾಕಷ್ಟು ನಗದು ತೆಗೆದುಕೊಳ್ಳಿ, ನೂರು ಇನ್ನೂರರ ನೋಟು ಜಾಸ್ತಿ ಇರಲಿ. ಹಡಗಿನ ಟಿಕೆಟ್ಟಿನ ಪ್ರಿಂಟ್ ಇಟ್ಟುಕೊಳ್ಳಿ. ಅಮ್ಮನ ಮಾತ್ರೆ ಎರಡು ದಿನ ಹೆಚ್ಚಿಗೇ ಇರಲಿ.

ಆ ಎರಡು ದಿನ ಯಾಕೆ ಅಂತ ಹೇಳುತ್ತೇನೆ. ಮೊದಲ ಸಲ ನಾನು ಹೋಗಿದ್ದು ಮೇ ಕೊನೆಯಲ್ಲಿ. ವಾಪಸ್ ಬರುವ ದಿನ ಬೆಳಗ್ಗೆ ನೀಲ್‌ನಿಂದ ಹಡಗು, ಮಧ್ಯಾಹ್ನ ಒಂದೂವರೆಗೆ ಪೋರ್ಟ್ ಬ್ಲೇರ್‌ನಿಂದ ವಿಮಾನ. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಬೆಳಗ್ಗೆ ಜೆಟ್ಟಿಗೆ ಬಂದರೆ ಗೇಟು ಮುಚ್ಚಿತ್ತು. ಹವಾಮಾನ ಸರಿಯಿಲ್ಲ, ಇವತ್ತು ಹಡಗು ಇಲ್ಲ ಅಂದರು. ನನಗೆ ನಂಬಲು ಆಗಲಿಲ್ಲ, ಯಾಕೆಂದರೆ ಕಣ್ಣ ಮುಂದಿನ ನೀರು ಕೆರೆಯ ಹಾಗೆ ಸುಮ್ನೆ ಮಲಗಿತ್ತು. ಪಕ್ಕದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ವಯಸ್ಸಾದ ಮೀನುಗಾರರೊಬ್ಬರು ನನ್ನ ಮುಖ ನೋಡಿ ದೂರಕ್ಕೆ ಬೆರಳು ತೋರಿಸಿದರು. ಹವಳದ ದಿಬ್ಬದ ಆಚೆ ಉದ್ದಕ್ಕೂ ಒಂದು ಬಿಳಿ ಗೆರೆ ಏಳುತ್ತಿತ್ತು, ಬೀಳುತ್ತಿತ್ತು. ಸದ್ದು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ದಿಬ್ಬ ಅಲೆಯನ್ನು ತಡೆಯುವುದರಿಂದ ಒಳಗೆ ಶಾಂತ, ಹೊರಗೆ ಬೇರೆಯೇ ಸಮುದ್ರ. ಹಡಗಿನ ದುಡ್ಡು ವಾಪಸ್ ಬಂತು. ವಿಮಾನದ್ದು ಬರಲಿಲ್ಲ. ಮೂರನೇ ದಿನ ಎರಡು ಪಟ್ಟು ಕೊಟ್ಟು ಹೊಸ ಟಿಕೆಟ್ ತೆಗೆದುಕೊಂಡೆವು. ಜೊತೆಗಿದ್ದ ಅಪ್ಪನ ಸಕ್ಕರೆ ಕಾಯಿಲೆ ಮಾತ್ರೆ ಮುಗಿದುಹೋಗಿ, ಅದನ್ನು ಹುಡುಕಿಕೊಂಡು ಅಲೆದ ಆ ಮಧ್ಯಾಹ್ನ ನಾನು ಮರೆಯುವುದಿಲ್ಲ.

ಜನವರಿ ಒಳ್ಳೆಯ ಕಾಲ, ಸಮುದ್ರ ಸಾಮಾನ್ಯವಾಗಿ ಶಾಂತವಾಗಿ ಇರುತ್ತದೆ. ಆದರೂ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಈಗ ಲೆಕ್ಕ ಹಾಕಿ. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಪೋರ್ಟ್ ಬ್ಲೇರ್. ಐದು ದಿನದಲ್ಲಿ ನೀಲ್‌ಗೆ ಉಳಿಯುವುದು ಎರಡೇ ರಾತ್ರಿ. ಅದರಲ್ಲೂ ಹ್ಯಾವ್ಲಾಕ್ ಸೇರಿಸಿದರೆ ಒಂದೊಂದು ರಾತ್ರಿ. ಗಂಟು ಕಟ್ಟು, ರೂಮು ಬಿಡು, ಜೆಟ್ಟಿಯಲ್ಲಿ ಕಾಯಿ, ಮತ್ತೆ ರೂಮು ಹುಡುಕು. ಹ್ಯಾವ್ಲಾಕ್‌ನ ರಾಧಾನಗರ ಬೀಚು ನಿಜಕ್ಕೂ ಚೆಂದ, ಆದರೆ ನೀವು ಕೇಳಿದ್ದು ಗಲಾಟೆ ಇಲ್ಲದ ಜಾಗ. ಈ ಸಲ ಹ್ಯಾವ್ಲಾಕ್ ಬಿಡಿ. ಸಾಧ್ಯವಾದರೆ ಆಫೀಸಿನಲ್ಲಿ ಕೇಳಿ ಇನ್ನೊಂದು ದಿನ ರಜೆ ಹಾಕಿ, ನೀಲ್‌ನಲ್ಲಿ ಮೂರು ರಾತ್ರಿ ಇರಿ. ಬೆಳಗಿನ ಹಡಗಿನಲ್ಲಿ ಬಂದು ಸಂಜೆ ಹೋಗುವವರು ಖಾಲಿಯಾದ ಮೇಲೆಯೇ ಆ ದ್ವೀಪ ಸದ್ದಿಲ್ಲದೆ ಇರುವುದು.

ಇನ್ನೆರಡು ಸಣ್ಣ ಮಾತು. ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತವೆ, ತುರಿಕೆ ವಾರಗಟ್ಟಲೆ ಇರುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ, ಬರೀ ಮರಳ ಮೇಲೆ ಮಲಗಬೇಡಿ. ಮಗಳಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ತೆಗೆದುಕೊಳ್ಳಿ. ಹವಳದ ಚೂರು ಕಾಲು ಕೊಯ್ದರೆ ಗಾಯ ಬೇಗ ಮಾಯುವುದಿಲ್ಲ.

ಹವಳ, ಚಿಪ್ಪು ಯಾವುದನ್ನೂ ಚೀಲಕ್ಕೆ ಹಾಕಬೇಡಿ. ಸತ್ತು ಬಿದ್ದದ್ದಾದರೂ ಸರಿ. ಕಾನೂನು ಬಿಗಿಯಾಗಿದೆ, ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ನಿಲ್ಲಿಸುತ್ತಾರೆ. ಮಗಳಿಗೆ ಇದನ್ನು ಮೊದಲ ದಿನವೇ ಹೇಳಿ, ಕೊನೆಯ ದಿನ ಕಿತ್ತುಕೊಳ್ಳುವುದಕ್ಕಿಂತ ಅದು ಮೇಲು. ನಿಮ್ಮ ತಾರೀಖು ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ಹಡಗಿನ ಸಮಯ ಹೊಂದಿಸಲು ಜೊತೆಗೆ ಕೂತು ನೋಡುತ್ತೇನೆ.