ಬೆಳಿಗ್ಗೆ 68, ಸಂಜೆ 88: ಯಾವುದು ಸರಿ?

ಪ್ರಶ್ನೆ: ನನಗೆ 46 ವರ್ಷ. ಬೆಳಿಗ್ಗೆ ನಾಡಿ ನೋಡಿಕೊಂಡರೆ 68 ಇರುತ್ತದೆ, ಸಂಜೆ ಕೆಲಸ ಮುಗಿಸಿ ಬಂದು ಕೂತಾಗ 88. ಸ್ಮಾರ್ಟ್ ವಾಚ್ ಬೇರೆಯದೇ ಸಂಖ್ಯೆ ತೋರಿಸುತ್ತದೆ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುತ್ತೇನೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ಸುಳ್ಳಲ್ಲ. ಆದರೆ ವಿಶ್ರಾಂತಿಯಲ್ಲಿರುವಾಗಿನ ಬಡಿತ ಎನ್ನಲು ಬೆಳಗಿನದೇ ಹೆಚ್ಚು ಯೋಗ್ಯ. ಸಂಜೆಯ 88ರಲ್ಲಿ ನೀವು ಹತ್ತಿದ ಮೆಟ್ಟಿಲು, ಕುಡಿದ ಕಾಫಿ, ತಲೆಯಲ್ಲಿ ಉಳಿದ ಕೆಲಸದ ಚಿಂತೆ ಎಲ್ಲವೂ ಸೇರಿರುತ್ತವೆ.

ನಿಮ್ಮ ಗುಣಾಕಾರವನ್ನು ದಯವಿಟ್ಟು ಬಿಡಿ. 15 ಸೆಕೆಂಡಿನಲ್ಲಿ ಒಂದೇ ಒಂದು ಬಡಿತ ಎಣಿಕೆ ತಪ್ಪಿದರೂ ಉತ್ತರದಲ್ಲಿ 4 ವ್ಯತ್ಯಾಸವಾಗುತ್ತದೆ. ಇಡೀ ಒಂದು ನಿಮಿಷ ಎಣಿಸಿದರೆ ಅದೇ ತಪ್ಪು ಒಂದಕ್ಕೇ ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ: ನಡುನಡುವೆ ಬಡಿತ ತಪ್ಪುತ್ತಿದ್ದರೆ ಬೆರಳಿಗೆ ಗೊತ್ತಾಗುತ್ತದೆ.

ನಿದ್ದೆಯಿಂದ ಎಚ್ಚರವಾದ ಮೇಲೆ, ಹಾಸಿಗೆ ಬಿಡುವ ಮೊದಲೇ ಎಣಿಸಿ. ಅಲಾರಂ ಸದ್ದಿಗೆ ಬೆಚ್ಚಿ ಎದ್ದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಗೆ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಇಡಿ. ಒತ್ತಿ ಹಿಡಿದರೆ ನಾಡಿ ಅಡಗಿಹೋಗುತ್ತದೆ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೇ ತನ್ನದೊಂದು ಮಿಡಿತವಿದೆ. ಅದನ್ನೇ ಎಣಿಸಿಬಿಡುವ ಸಾಧ್ಯತೆ ಉಂಟು. ಕೈಯಲ್ಲಿ ಸಿಗದೆ ಕತ್ತಿನಲ್ಲಿ ಹುಡುಕುವುದಾದರೆ ಒಂದೇ ಬದಿಯಲ್ಲಿ ಮೆಲ್ಲಗೆ ಮುಟ್ಟಿ, ಎರಡೂ ಬದಿ ಒಟ್ಟಿಗೆ ಎಂದೂ ಒತ್ತಬಾರದು.

ವಾಚು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಹರಿವನ್ನು ಅಳೆಯುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಅಲುಗಿದರೆ ಲೆಕ್ಕ ತಪ್ಪಬಹುದು. ಅನುಮಾನ ಬಂದಾಗ ಬೆರಳಿನ ಎಣಿಕೆಯ ಜೊತೆ ಹೋಲಿಸಿ ನೋಡಿ.

ಒಂದು ದಿನದ ಸಂಖ್ಯೆ ಹಿಡಿದು ಕೊರಗಬೇಡಿ. ವಾರವಿಡೀ ಬರೆದಿಟ್ಟು ಸರಾಸರಿ ತೆಗೆಯಿರಿ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ, ಜ್ವರವಿದ್ದರೆ ಅದನ್ನೂ ಪಕ್ಕದಲ್ಲಿ ಗುರುತು ಮಾಡಿ. ವಯಸ್ಕರಿಗೆ ಸಾಮಾನ್ಯವಾಗಿ 60ರಿಂದ 100 ಸಹಜ. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲೂ, ಹೃದಯ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಇನ್ನೂ ಕಡಿಮೆ ಇರಬಹುದು. ನನ್ನ ಮಟ್ಟಿಗೆ ಮುಖ್ಯವಾದದ್ದು ನಿಮ್ಮ ಎಂದಿನ ಸಂಖ್ಯೆ. ಸದಾ 68 ಇರುವವರಿಗೆ ಕಾರಣವಿಲ್ಲದೆ ದಿನಗಟ್ಟಲೆ 85 ಬರುತ್ತಿದ್ದರೆ, ಅದು 100ರ ಒಳಗಿದ್ದರೂ ವೈದ್ಯರಿಗೆ ಹೇಳಬೇಕಾದ ವಿಷಯವೇ.

ವಿಶ್ರಾಂತಿಯಲ್ಲೂ ಪದೇ ಪದೇ 100 ದಾಟುತ್ತಿದ್ದರೆ, ಲಯ ತಪ್ಪುತ್ತಿದ್ದರೆ ಬರೆದಿಟ್ಟ ಹಾಳೆಯೊಂದಿಗೆ ವೈದ್ಯರನ್ನು ಕಾಣಿ. ಎದೆನೋವು, ಉಸಿರಾಟದ ತೊಂದರೆ, ಕಣ್ಣು ಕತ್ತಲೆ ಬರುವುದು ಇದ್ದರೆ ಮಾತ್ರ ನಾಡಿ ಎಣಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.