ಮನೆ ಮಾರ್ಬೇಕು, ಬಂದೋರಿಗೆಲ್ಲ ಬಾಗಿಲು ತೆಗೀಬೇಕಾ?

ಪ್ರಶ್ನೆ: ನಮ್ದು ಬೆಂಗಳೂರು ವಿಜಯನಗರದಲ್ಲಿ 30×40 ಸೈಟಲ್ಲಿರೋ ಹಳೇ ಮನೆ ಸರ್, ಕೆಳಗೆ ನಾವು, ಮೇಲೆ ಬಾಡಿಗೆಯವ್ರು. ಮಾರೋಣ ಅಂತ ನಾಲ್ಕು ಜನ ಬ್ರೋಕರ್‌ಗಳಿಗೆ ಹೇಳಿದೀವಿ, ಈಗ ಊಟಕ್ಕೆ ಕೂತಿದ್ರೂ ಬೆಲ್ ಒತ್ತಿ "ಪಾರ್ಟಿ ಬಂದಿದಾರೆ, ಐದೇ ನಿಮಿಷ" ಅಂತಾರೆ. ಅಮ್ಮಂಗೆ 80 ದಾಟಿದೆ, ಅವ್ರಿಗೆ ತುಂಬಾ ಹಿಂಸೆ. ಮಗ ಹೇಳ್ತಾನೆ, ಒಂದು ಭಾನುವಾರ ಎಲ್ರಿಗೂ ಬನ್ನಿ ಅಂದ್ಬಿಟ್ಟು ಒಂದೇ ದಿನಕ್ಕೆ ಮುಗಿಸೋಣ, ಅಮೆರಿಕಾದಲ್ಲಿ ಹಂಗೇ ಮಾಡೋದು ಅಂತ. ಒಬ್ಬ ಬ್ರೋಕರ್ ನೀವು ಆಚೆ ಹೋಗೋವಾಗ ಕೀ ನನ್ ಹತ್ರ ಕೊಟ್ಟೋಗಿ ಅಂತಾನೆ. ಯಾವ್ದು ಸರಿ?

ಉತ್ತರ: ಕೀ ಕೊಡೋ ಮಾತು ಮೊದ್ಲು ಬಿಟ್ಬಿಡಿ ಮೇಡಂ, ಜನ ವಾಸ ಇರೋ ಮನೆಗೆ ಅದು ಆಗೋ ಹೋಗೋ ಮಾತಲ್ಲ. ಇನ್ನು ಮಗ ಹೇಳಿದ್ದು ಕೇಳಕ್ಕೆ ಚೆನ್ನಾಗಿದೆ, ಆದ್ರೆ ಅಲ್ಲಿ ಮನೇಲಿ ಏಜೆಂಟ್ ನಿಂತಿರ್ತಾನೆ, ಮಾರೋರು ಆಚೆ ಹೋಗಿರ್ತಾರೆ. ನಮ್ಮಲ್ಲಿ ಬನ್ನಿ ಅಂತ ಬೋರ್ಡ್ ಹಾಕಿದ್ರೆ ಮೊದ್ಲು ಬರೋದೇ ಪಕ್ಕದ ರೋಡಿನೋರು, ತಮ್ಮನೆ ರೇಟ್ ಎಷ್ಟಾಗ್ಬೋದು ಅಂತ ಲೆಕ್ಕ ಹಾಕಕ್ಕೆ, ಆಮೇಲೆ ಇನ್ನೊಂದಷ್ಟು ಬ್ರೋಕರ್‌ಗಳು, ನಿಜವಾಗ್ಲೂ ತಗೊಳೋರು ಆ ಗುಂಪಲ್ಲಿ ಸರಿಯಾಗಿ ಒಂದು ಪ್ರಶ್ನೇನೂ ಕೇಳಕ್ಕಾಗ್ದೆ ವಾಪಸ್ ಹೋಗ್ತಾರೆ. ಅದೂ ಅಲ್ದೆ ನಮ್ ಕಡೆ ಮನೆ ತಗೊಳೋರು ಒಂದ್ಸಲ ನೋಡಿ ತಗೊಳಲ್ಲ. ಮೊದ್ಲು ಗಂಡ ಹೆಂಡ್ತಿ ಬರ್ತಾರೆ, ಇಷ್ಟ ಆದ್ರೆ ಎರಡ್ನೇ ಸಲ ಅತ್ತೆ ಮಾವ, ವಾಸ್ತು ನೋಡೋರು, ಇಂಜಿನಿಯರ್ ಭಾವಮೈದ ಎಲ್ರನ್ನೂ ಕರ್ಕೊಂಡ್ ಬರ್ತಾರೆ. ನೀವು ತಯಾರಾಗ್ಬೇಕಾಗಿರೋದು ಆ ಎರಡ್ನೇ ಸಲಕ್ಕೆ.

ಹಂಗಾಗಿ ನನ್ ಸಲಹೆ, ವಾರಕ್ಕೆ ಎರಡೇ ಹೊತ್ತು ಇಟ್ಕೊಳಿ, ಶನಿವಾರ 11ರಿಂದ 1, ಭಾನುವಾರ 10ರಿಂದ 12, ಒಬ್ರಿಗೆ ಅರ್ಧ ಗಂಟೆ. ಬೆಳಕು ಚೆನ್ನಾಗಿರತ್ತೆ, ಅಮ್ಮನ ಊಟ ನಿದ್ದೆಗೂ ತೊಂದ್ರೆ ಆಗಲ್ಲ. ಭಾನುವಾರ ಸಂಜೆ ಬೇಡ ಅಂತೀನಿ ಯಾಕಂದ್ರೆ ನಾಲ್ಕೂವರೆಯಿಂದ ಆರು ರಾಹುಕಾಲ, ನೀವು ನಂಬ್ತೀರೋ ಬಿಡ್ತೀರೋ, ಬರೋರ ಮನೇಲಿ ಒಬ್ರಾದ್ರೂ ನಂಬೋರು ಇರ್ತಾರೆ. ಆಷಾಢ, ಪಿತೃಪಕ್ಷದಲ್ಲಿ ನೋಡಕ್ಕೆ ಬರ್ತಾರೆ ಆದ್ರೆ ಅಡ್ವಾನ್ಸ್ ಕೊಡಲ್ಲ, ಅದನ್ನ ನೋಡ್ಕೊಂಡು ಗಾಬರಿಯಾಗಿ ರೇಟ್ ಇಳಿಸ್ಬೇಡಿ.

ಟೈಮ್ ಕೊಡೋ ಮುಂಚೆ ಫೋನಲ್ಲೇ ಸೋಸಿ. ರೇಟು, ಯಾವ ಫೇಸಿಂಗ್, ಎಷ್ಟು ವರ್ಷದ ಕಟ್ಟಡ, ಕಾರ್ ಒಳಗೆ ಹೋಗತ್ತಾ ಇಲ್ವಾ, ಇ-ಖಾತಾ (ಪಾಲಿಕೆ ಆನ್‌ಲೈನಲ್ಲಿ ಕೊಡೋ ಆಸ್ತಿ ದಾಖಲೆ) ಆಗಿದ್ಯಾ, ಎಲ್ಲಾ ಮೊದ್ಲೇ ಹೇಳ್ಬಿಡಿ, ಮೊಬೈಲಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ ಗೇಟಿಂದ ಟೆರೇಸ್ ತನಕ ತೋರ್ಸಿ ಕಳ್ಸಿ. ವೆಸ್ಟ್ ಫೇಸಿಂಗ್ ಬೇಡ ಅನ್ನೋರು ಅಲ್ಲೇ ಬಿಟ್ಟೋಗ್ತಾರೆ, ನಿಮ್ಗೆ ಕಾಫಿಪುಡಿ ಉಳೀತು. ನೀವು ಲೋನ್ ಹಾಕ್ತೀರಾ, ಈಗಿರೋ ಮನೆ ಮಾರಿ ತಗೋಬೇಕಾ ಅಂತ ನೀವೂ ಕೇಳಿ, ಸಂಕೋಚ ಬೇಡ.

ಬ್ರೋಕರ್‌ಗಳ ವಿಷ್ಯಕ್ಕೆ ಬಂದ್ರೆ ನಾಲ್ಕು ಜನ ಜಾಸ್ತಿ ಆಯ್ತು, ಒಬ್ರು ಇಲ್ಲಾ ಇಬ್ರು ಸಾಕು. ನಾಲ್ಕು ಜನ ಆನ್‌ಲೈನಲ್ಲಿ ಒಂದೇ ಮನೆಗೆ ನಾಲ್ಕು ರೇಟ್ ಹಾಕಿದ್ರೆ ನೋಡಿದೋರು ಏನೋ ತಕರಾರು ಇರ್ಬೇಕು ಅಂದ್ಕೋತಾರೆ. ಒಂದು ನೋಟ್‌ಬುಕ್ ಇಟ್ಟು ಬಂದೋರ ಹೆಸ್ರು, ನಂಬರ್, ತಾರೀಖು, ಯಾರು ಕರ್ಕೊಂಡ್ ಬಂದ್ರು ಅಂತ ಬರೆಸ್ಕೊಳಿ. ಒಂದೇ ಪಾರ್ಟೀನ ಇಬ್ರು ಕರ್ಕೊಂಡ್ ಬಂದು ಕೊನೆಗೆ ಕಮಿಷನ್ ನಂದು ಅಂತ ರಿಜಿಸ್ಟ್ರೇಷನ್ ದಿನಾನೇ ಜಗಳ ಆಡೋದು ಮಾಮೂಲಿ, ಆಗ ಆ ನೋಟ್‌ಬುಕ್ಕೇ ಸಾಕ್ಷಿ. ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಕೇಳ್ತಾರೆ, ಎಷ್ಟು ಅಂತ ಮನೆ ತೋರ್ಸೋಕೆ ಮುಂಚೇನೇ ಬರೆದಿಟ್ಕೊಳಿ.

ಮನೇಲಿ ಆ ಹೊತ್ತಿಗೆ ಇಬ್ರಾದ್ರೂ ಇರಿ, ಬೀರು ಬೀಗ ಹಾಕಿರ್ಲಿ, ಅಮ್ಮನ ಮಾತ್ರೆ, ಪಾಸ್‌ಬುಕ್ಕು ಟೇಬಲ್ ಮೇಲೆ ಬಿಡ್ಬೇಡಿ. ಬಾಡಿಗೆಯವ್ರಿಗೆ ಹಿಂದಿನ ದಿನ ಹೇಳಿ, ಪಾಪ ಅವ್ರೂ ಮನುಷ್ಯರೇ, ಮೊದಲ್ನೇ ಸಲ ಬಂದೋರಿಗೆ ಮೇಲಿನ ಮನೆ ಹೊರಗಿಂದ ತೋರ್ಸಿದ್ರೆ ಸಾಕು, ಒಳಗೆ ಎರಡ್ನೇ ಸಲ. ಅವ್ರ ಅಗ್ರಿಮೆಂಟ್ ಯಾವಾಗ ಮುಗಿಯತ್ತೆ, ಭೋಗ್ಯದ ದುಡ್ಡಿದ್ಯಾ ಅನ್ನೋ ಪ್ರಶ್ನೆಗೆ ಉತ್ರ ರೆಡಿ ಇಟ್ಕೊಳಿ, ಎಲ್ರೂ ಕೇಳೇ ಕೇಳ್ತಾರೆ.

ಹಳೇ ಮನೆ ಅಂದ್ರಿ, ಹಂಗಾದ್ರೆ ಬಾತ್‌ರೂಮ್ ಪಕ್ಕದ ಗೋಡೇಲಿ, ಕೆಳಗಿನ ಸೀಲಿಂಗ್ ಮೂಲೇಲಿ ಸೀಪೇಜ್ ಇದ್ದೇ ಇರತ್ತೆ. ಪುಟ್ಟಿ ಬಳ್ದು ಪೇಂಟ್ ಹೊಡ್ದು ಮುಚ್ಚಿದ್ರೆ ಆ ಭಾವಮೈದ ಬೆರಳಲ್ಲಿ ತಟ್ಟಿ ಕಂಡುಹಿಡೀತಾನೆ, ಆಮೇಲೆ ನೀವು ಹೇಳೋ ಸತ್ಯಾನೂ ನಂಬಲ್ಲ. ಪ್ಲಂಬರ್ ಕರ್ಸಿ ಲೀಕ್ ರಿಪೇರಿ ಮಾಡ್ಸಿ ಬಿಲ್ ಇಟ್ಕೊಳಿ, ಆಗ್ದಿದ್ರೆ ಬಾಯ್ಬಿಟ್ಟು ಹೇಳಿ. ಸಂಪ್ ಮುಚ್ಚಳ ತೆಗ್ದು ತೋರ್ಸಿ, ಕಾವೇರಿ ನೀರು ಯಾವ್ಯಾವ ದಿನ ಬರತ್ತೆ ಹೇಳಿ. ಹೊಸಾ ಸೋಫಾ ತಂದಿಡೋದಕ್ಕಿಂತ ಇದು ಹೆಚ್ಚು ಕೆಲ್ಸ ಮಾಡತ್ತೆ.

ಕಾಗದ ಪತ್ರ ಮೊದಲ್ನೇ ಸಲ ಖಾತಾ, ಟ್ಯಾಕ್ಸ್ ರಸೀದಿ ಅಷ್ಟೇ ತೋರ್ಸಿ. ಎರಡ್ನೇ ಸಲ ಬಂದು ರೇಟ್ ಮಾತಾಡಿದೋರಿಗೆ ಕ್ರಯಪತ್ರ, ಮದರ್ ಡೀಡ್ (ಆಸ್ತಿ ಹಿಂದೆ ಯಾರಿಂದ ಬಂತು ಅನ್ನೋ ಮೂಲ ಪತ್ರ), ಇ.ಸಿ. (ಆಸ್ತಿ ಮೇಲೆ ಸಾಲ, ಋಣ ಇದ್ಯಾ ಅಂತ ತೋರ್ಸೋ ಸರ್ಟಿಫಿಕೇಟ್) ಇವುಗಳ ಜೆರಾಕ್ಸ್ ಕೊಡಿ, ಪ್ರತಿ ಹಾಳೆ ಮೇಲೂ ಇಂಥೋರ ಪರಿಶೀಲನೆಗೆ ಮಾತ್ರ ಅಂತ ತಾರೀಖು ಸಮೇತ ಬರೀರಿ. ಒರಿಜಿನಲ್ ಅವ್ರ ಲಾಯರ್ ನಿಮ್ ಮುಂದೆ ಕೂತು ನೋಡ್ಲಿ. ಇನ್ನೊಂದು, ಮನೆ ನೋಡಿದ ಖುಷೀಲಿ ಕೆಲವ್ರು ಅಲ್ಲೇ ಕ್ಯಾಶ್ ತೆಗೀತಾರೆ, ಅಡ್ವಾನ್ಸ್ 20,000 ರೂಪಾಯಿ ಅಥ್ವಾ ಅದಕ್ಕಿಂತ ಜಾಸ್ತಿ ಕ್ಯಾಶಲ್ಲಿ ತಗೊಳೋ ಹಾಗಿಲ್ಲ, ಇನ್ಕಮ್ ಟ್ಯಾಕ್ಸ್ ಕಾನೂನು ಬಿಡಲ್ಲ. ಬ್ಯಾಂಕಿಗೇ ಹಾಕಿ ಅನ್ನಿ.

ಪ್ರಶ್ನೆ: ನಾನು ದುಬೈಯಲ್ಲಿದೀನಿ, ಮಂಗಳೂರಲ್ಲಿ ಒಂದು ಫ್ಲಾಟ್ ಖಾಲಿ ಬಿದ್ದಿದೆ. ಇಲ್ಲಿಂದ ತೋರ್ಸೋದು ಹೇಗೆ?

ಉತ್ತರ: ಖಾಲಿ ಮನೆಗೆ ಕೀ ಕೊಡ್ಬೋದು, ಆದ್ರೆ ಅಕ್ಕನೋ ಚಿಕ್ಕಪ್ಪನೋ ಯಾರಾದ್ರೂ ನಿಮ್ಮೋರ ಹತ್ರ ಇರ್ಲಿ, ಬ್ರೋಕರ್ ಅವ್ರಿಂದ ಇಸ್ಕೊಂಡು ಅವತ್ತೇ ವಾಪಸ್ ಕೊಡ್ಲಿ. ತೋರ್ಸೋ ಹಿಂದಿನ ದಿನ ಯಾರಾದ್ರೂ ಹೋಗಿ ಕಿಟಕಿ ತೆಗ್ದು ಬಾತ್‌ರೂಮ್ ಟ್ರ್ಯಾಪ್‌ಗೆಲ್ಲಾ ಒಂದೊಂದು ಬಕೆಟ್ ನೀರು ಹಾಕ್ಲೇಬೇಕು, ತಿಂಗಳುಗಟ್ಟಲೆ ಮುಚ್ಚಿದ್ರೆ ಅದ್ರಲ್ಲಿರೋ ನೀರು ಒಣಗಿ ಡ್ರೈನೇಜ್ ವಾಸನೆ, ಜಿರಳೆ ಎಲ್ಲಾ ಒಳಗೆ ಬರತ್ತೆ, ಬಾಗಿಲು ತೆಗೀತಿದ್ದ ಹಾಗೆ ಬಂದೋರು ಮೂಗು ಮುಚ್ಕೋತಾರೆ. ನಿಮ್ಮೂರ ಮಳೆಗಾಲದಲ್ಲಂತೂ ಬೂಷ್ಟು ಬೇರೆ. ಕರೆಂಟ್ ಬಿಲ್ ಕಟ್ಟಿರಿ, ಲೈಟು ಫ್ಯಾನು ಓಡ್ಬೇಕು. ಬಂದೋರು ಮನೆ ಒಳಗಿರೋವಾಗ್ಲೇ ವಿಡಿಯೋ ಕಾಲಲ್ಲಿ ನೀವೂ ಹತ್ತು ನಿಮಿಷ ಸಿಗಿ, ಓನರ್ ಮುಖ ನೋಡಿದ್ರೆ ನಂಬಿಕೆ ಬರತ್ತೆ. ಆಗ್ಲೇ ನೀವು ಎನ್‌ಆರ್‌ಐ ಅಂತ ಹೇಳ್ಬಿಡಿ, ಇಲ್ಲಿನೋರು ಮಾರಿದ್ರೆ ರೇಟು 50 ಲಕ್ಷ ಅಥ್ವಾ ಅದಕ್ಕಿಂತ ಜಾಸ್ತಿ ಇದ್ರೆ 1 ಪರ್ಸೆಂಟ್ ಟಿಡಿಎಸ್ (ತಗೊಳೋರು ದುಡ್ಡು ಕೊಡೋವಾಗ್ಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ), ಎನ್‌ಆರ್‌ಐ ಮಾರಿದ್ರೆ ಹಂಗಲ್ಲ, ತಗೊಳೋರು ಅದಕ್ಕಿಂತ ತುಂಬಾ ಜಾಸ್ತಿ ಹಿಡೀಬೇಕು. ಕಡಿಮೆ ಹಿಡಿಯೋದಕ್ಕೆ ಟ್ಯಾಕ್ಸ್ ಆಫೀಸಿಂದ ಸರ್ಟಿಫಿಕೇಟ್ ತಗೋಬೋದು, ಅದಕ್ಕೆ ಟೈಮ್ ಹಿಡಿಯತ್ತೆ, ಆಡಿಟರ್ ಹತ್ರ ಈಗ್ಲೇ ಮಾತಾಡಿ.