ಗಣಿಯವರ ಸೊಂಟದ ಆಕ್ಸಿಜನ್ ಡಬ್ಬಿ ನಿಜಕ್ಕೂ ಒಂದು ಗಂಟೆ ಬರುತ್ತದಾ?

ನೀವು ಕೇಳಿರುವುದು ಮೂರು ವಿಷಯ. ಕಲ್ಲಿದ್ದಲು ಗಣಿಗೆ ಇಳಿಯುವವರು ಸೊಂಟಕ್ಕೆ ಕಟ್ಟುವ ಅಷ್ಟು ಚಿಕ್ಕ ಡಬ್ಬಿಯಲ್ಲಿ ಒಂದು ಗಂಟೆಯ ಆಕ್ಸಿಜನ್ ಹೇಗೆ ಹಿಡಿಯುತ್ತದೆ, ಹೊಗೆ ತುಂಬಿದಾಗ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದಾ, ಒಂದನ್ನು ಇಬ್ಬರು ಹಂಚಿಕೊಳ್ಳಬಹುದಾ. ಗಣಿ ಕಾರ್ಮಿಕರಿಗೆ ಇದನ್ನು ಹಾಕಿಕೊಳ್ಳುವುದು ಕಲಿಸುವ ಕೆಲಸ ಮಾಡಿದವನು ನಾನು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹೆಸರು ಸೆಲ್ಫ್ ರೆಸ್ಕ್ಯೂಯರ್. ಇದರಲ್ಲಿ ಎರಡು ಜಾತಿ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹಳೆಯದು ಫಿಲ್ಟರ್ ಥರದ್ದು. ಅದರಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಹಾಪ್ಕಲೈಟ್ ಎಂಬ ಪುಡಿ ಇರುತ್ತದೆ, ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್‌ಗಳ ಮಿಶ್ರಣ. ಅದು ಒಳಗೆಳೆದ ಗಾಳಿಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತದೆ, ಅಷ್ಟೇ. ಗಣಿಯಲ್ಲಿ ಬೆಂಕಿ ಬಿದ್ದಾಗ ಜಾಸ್ತಿ ಜನರನ್ನು ಕೊಲ್ಲುವುದು ಉರಿಯಲ್ಲ, ಈ ಮಾನಾಕ್ಸೈಡು. ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 2014ರಲ್ಲಿ ಟರ್ಕಿಯ ಸೋಮಾ ಗಣಿಯಲ್ಲಿ 301 ಜನ ಸತ್ತರಲ್ಲ, ಅವರಲ್ಲಿ ಹೆಚ್ಚಿನವರು ಹೋಗಿದ್ದು ಇದರಿಂದಲೇ. ಫಿಲ್ಟರ್ ಈ ವಿಷ ತಡೆಯುತ್ತದೆ ನಿಜ, ಆದರೆ ಸುತ್ತಲಿನ ಗಾಳಿಯಲ್ಲಿ ಆಕ್ಸಿಜನ್ನೇ ಕಡಿಮೆಯಾಗಿದ್ದರೆ ಅದು ಏನೂ ಮಾಡಲಾರದು. ಬೆಂಕಿ, ಸ್ಫೋಟ ಆದ ಜಾಗದಲ್ಲಿ ಆಗುವುದು ಹೆಚ್ಚಾಗಿ ಅದೇ.

ನೀವು ಕೇಳುತ್ತಿರುವುದು ಎರಡನೆಯದು, ತನ್ನೊಳಗೇ ಆಕ್ಸಿಜನ್ ಇಟ್ಟುಕೊಂಡಿರುವುದು. ಕೆಲವಲ್ಲಿ ಪುಟ್ಟ ಸಿಲಿಂಡರ್ ಇರುತ್ತದೆ. ಬಹಳಷ್ಟರಲ್ಲಿ ಇರುವುದು ಹಳದಿ ಬಣ್ಣದ ಪೊಟ್ಯಾಸಿಯಂ ಸೂಪರ್ ಆಕ್ಸೈಡ್ ಹರಳು. ನೀವು ಬಿಟ್ಟ ಉಸಿರಿನ ತೇವ ತಾಗಿದರೆ ಸಾಕು, ಅದು ಆಕ್ಸಿಜನ್ ಬಿಡುತ್ತದೆ. ಆಗ ಹುಟ್ಟುವ ಕ್ಷಾರ ನಿಮ್ಮ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಜೋರಾಗಿ ಉಸಿರಾಡಿದರೆ ತೇವ ಜಾಸ್ತಿ ಹೋಗುತ್ತದೆ, ಆಕ್ಸಿಜನ್ನೂ ಜಾಸ್ತಿ ಬರುತ್ತದೆ. ಚಿಕ್ಕದಾಗಿರುವ ಗುಟ್ಟು ಇನ್ನೊಂದಿದೆ. ಗಾಳಿಯಲ್ಲಿ ನೂರಕ್ಕೆ 21 ಭಾಗ ಆಕ್ಸಿಜನ್ ಇದ್ದರೆ ನಾವು ಬಿಡುವ ಉಸಿರಿನಲ್ಲಿ ಇನ್ನೂ 16ರಷ್ಟು ಉಳಿದಿರುತ್ತದೆ. ಮುಳುಗುಗಾರರ ಸಿಲಿಂಡರಿನಲ್ಲಿ ಅದೆಲ್ಲ ಗುಳ್ಳೆಯಾಗಿ ಹೋಗುತ್ತದೆ, ಇಲ್ಲಿ ಅದೇ ಉಸಿರು ಡಬ್ಬಿಗೆ ಸೇರಿದ ಒಂದು ಚೀಲಕ್ಕೆ ಹೋಗಿ ವಾಪಸ್ ಬರುತ್ತದೆ, ಖರ್ಚಾದಷ್ಟನ್ನು ಮಾತ್ರ ತುಂಬಿಕೊಟ್ಟರೆ ಆಯಿತು. ಹಾಗಾಗಿಯೇ ಎರಡು ಮೂರು ಕೆಜಿಯಲ್ಲಿ ಒಂದು ಗಂಟೆ ಸಾಧ್ಯ.

ಒಂದು ಗಂಟೆ ಅಂದರೆ ದಾರಿ ಹಿಡಿದು ನಡೆಯುವವನ ಲೆಕ್ಕ. ಸುಮ್ನೆ ಕೂತರೆ ಅದೇ ಡಬ್ಬಿ ಎರಡು ಮೂರು ಪಟ್ಟು ಹೊತ್ತು ಬರಬಹುದು, ಓಡಿದರೆ ಬೇಗ ಮುಗಿಯುತ್ತದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಬರುತ್ತದಾ ಅಂದರೆ, ಬರುತ್ತದೆ, ಹಾಕಿಕೊಂಡವನು ಅದನ್ನು ಬಾಯಿಂದ ತೆಗೆಯದಿದ್ದರೆ. ಮುಚ್ಚಳ ಕಿತ್ತು, ಪಿನ್ ಎಳೆದು, ಮೌತ್‌ಪೀಸ್ ಕಚ್ಚಿ, ಮೂಗಿಗೆ ಕ್ಲಿಪ್ ಹಾಕುವುದು ಒಂದೇ ಉಸಿರಿನ ಕೆಲಸ. ಆಮೇಲೆ ಕನ್ನಡಕ, ಪಟ್ಟಿ, ಹೆಲ್ಮೆಟ್. ಪಿನ್ ಎಳೆದಾಗ ಒಂದು ಪುಟ್ಟ ಸ್ಟಾರ್ಟರ್ ಆಕ್ಸಿಜನ್ ಬಿಟ್ಟು ಆ ಚೀಲವನ್ನು ತುಂಬಿಸುತ್ತದೆ, ಯಾಕೆಂದರೆ ತಣ್ಣಗಿರುವ ಹರಳು ಶುರುವಾಗಲು ಸ್ವಲ್ಪ ಹೊತ್ತು ಬೇಕು. ಇದನ್ನೆಲ್ಲ ಕತ್ತಲಲ್ಲಿ, ಮಂಡಿಯೂರಿ, ಕೈ ನಡುಗುತ್ತಿರುವಾಗ ಮಾಡಬೇಕು.

ಮಾಡಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಗಾಳಿ ಬಿಸಿಯಾಗುತ್ತದೆ, ಹೊತ್ತು ಹೋದಂತೆ ಇನ್ನೂ ಬಿಸಿ. ಗಂಟಲು ಒಣಗುತ್ತದೆ, ಕೆಮ್ಮು ಬರುತ್ತದೆ, ಬಾಯಲ್ಲಿ ಏನೋ ಕ್ಷಾರದ ರುಚಿ. ಬಾಯಿ ತುಂಬ ರಬ್ಬರು, ಎಂಜಲು ಸುರಿಯುತ್ತಿರುತ್ತದೆ. ಉಸಿರೆಳೆಯಲು ಸ್ವಲ್ಪ ಬಲ ಬೇಕಾಗುತ್ತದೆ. ಮನಸ್ಸು ತಕ್ಷಣ ಹೇಳುವುದು ಒಂದೇ, ಡಬ್ಬಿ ಕೆಟ್ಟಿದೆ, ಕಿತ್ತು ಬಿಸಾಕು ಅಂತ. ನಾಟಕದ ಹೊಗೆ ತುಂಬಿಸಿದ ತರಬೇತಿ ಸುರಂಗದಲ್ಲೇ, ಹೊರಬಾಗಿಲು ಎಲ್ಲಿದೆ ಅಂತ ಗೊತ್ತಿರುವ ಗಟ್ಟಿಮುಟ್ಟಾದ ಆಳು ಮೌತ್‌ಪೀಸ್ ಕಿತ್ತು "ಇದ್ರಲ್ಲಿ ಗಾಳಿ ಬರ್ತಿಲ್ಲ ಸಾರ್" ಅನ್ನುತ್ತಾನೆ. ಚೀಲ ನೋಡಿದರೆ ತುಂಬಿರುತ್ತದೆ. ಬಿಸಿ ಬರುತ್ತಿದೆ ಅಂದರೆ ಹರಳು ಕೆಲಸ ಮಾಡುತ್ತಿದೆ ಅಂತಲೇ ಅರ್ಥ, ತಣ್ಣಗಿದ್ದು ಚೀಲ ಸೊರಗಿದ್ದರೆ ಆಗ ಚಿಂತೆ ಮಾಡಬೇಕು. ಕಲಿಸುವಾಗ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದುದು ಇದಕ್ಕೇ. ಕಟ್ಟುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ.

2006ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಗಣಿಯಲ್ಲಿ ಸ್ಫೋಟವಾಗಿ 13 ಜನ ಒಳಗೆ ಸಿಕ್ಕಿಬಿದ್ದರು, 12 ಜನ ಸತ್ತರು. ಉಳಿದ ಒಬ್ಬರು, ಕಡೇಪಕ್ಷ ನಾಲ್ಕು ಡಬ್ಬಿ ಕೆಲಸ ಮಾಡಲಿಲ್ಲ, ಇದ್ದವನ್ನು ಹಂಚಿಕೊಂಡೆವು ಎಂದರು. ಆಮೇಲೆ ಪರೀಕ್ಷೆ ಮಾಡಿದ ತನಿಖೆಯವರು ಡಬ್ಬಿಗಳು ಚಾಲೂ ಆಗಿದ್ದವು, ಆಕ್ಸಿಜನ್ ಕೊಡಬಲ್ಲವಾಗಿದ್ದವು ಎಂದರು. ಯಾರು ಸರಿ ಅಂತ ಜಗಳ ಮಾಡುವವರು ಮಾಡಲಿ. ನನಗೆ ಕಾಣುವುದು, ಕೆಲಸ ಮಾಡುತ್ತಿರುವ ಡಬ್ಬಿಯೂ ಅದನ್ನು ಹಾಕಿಕೊಂಡವನಿಗೆ ಕೆಟ್ಟಂತೆ ಅನ್ನಿಸಬಹುದು ಅನ್ನುವುದು. ಹಾಗಂತ ಡಬ್ಬಿ ಕೆಡುವುದೇ ಇಲ್ಲ ಅಂತ ಅಲ್ಲ. ದಿನಾ ಗೋಡೆಗೆ, ಯಂತ್ರಕ್ಕೆ ತಾಗಿ ತಾಗಿ ಒಳಗಿನ ಹರಳು ಪುಡಿಯಾಗುತ್ತದೆ, ಸೀಲ್ ಸಡಿಲವಾದರೆ ತೇವ ಹೊಕ್ಕುತ್ತದೆ. ಅದಕ್ಕೇ ಪ್ರತಿ ಪಾಳಿಗೂ ಮುಂಚೆ ತಗ್ಗು ಬಿದ್ದಿದೆಯಾ, ಸೀಲ್ ಇದೆಯಾ, ತೇವ ತೋರಿಸುವ ಗುರುತಿನ ಬಣ್ಣ ಬದಲಾಗಿದೆಯಾ ಅಂತ ನೋಡಬೇಕು. ನೋಡುವವರು ಎಷ್ಟು ಜನ ಅನ್ನುವುದು ಬೇರೆ ಮಾತು ಬಿಡಿ.

ಹಂಚಿಕೊಳ್ಳುವುದು? ಬೇಡ. ಪ್ರತಿ ಸಲ ಬಾಯಿಂದ ತೆಗೆದಾಗ ಇಬ್ಬರಲ್ಲಿ ಒಬ್ಬ ವಿಷವನ್ನೇ ಎಳೆದುಕೊಳ್ಳುವ ಅಪಾಯ ಇರುತ್ತದೆ. ಮಾತಾಡಲೂ ತೆಗೆಯಬಾರದು, ಕೈಸನ್ನೆ ಮಾಡಿ. ಸಾಗೋ ಆದಮೇಲೆ ಅದೇ ವರ್ಷ ಅಮೆರಿಕ ಕಾನೂನು ಮಾಡಿ, ಹೊರಗೆ ಬರುವ ದಾರಿಯಲ್ಲಿ ಹೆಚ್ಚಿನ ಡಬ್ಬಿ ಇಡಬೇಕು, ಹಿಡಿದುಕೊಂಡು ನಡೆಯಲು ಬೆಂಕಿ ತಡೆದುಕೊಳ್ಳುವ ಹಗ್ಗ ಕಟ್ಟಬೇಕು ಎಂದಿತು. ಹಗ್ಗದಲ್ಲಿ ಶಂಕುವಿನಾಕಾರದ ಗುರುತು ಇರುತ್ತವೆ, ಹೊರಗಿನ ಕಡೆ ಹೋಗುತ್ತಿದ್ದರೆ ಕೈ ನುಣ್ಣಗೆ ಜಾರುತ್ತದೆ, ತಪ್ಪು ದಿಕ್ಕಾದರೆ ತಡೆಯುತ್ತದೆ. ಹೊಸ ಡಬ್ಬಿಗೆ ಬದಲಾಯಿಸುವಾಗ ಮೊದಲು ಅದನ್ನು ಬಿಚ್ಚಿ ಚಾಲೂ ಮಾಡಿಕೊಳ್ಳಿ, ಹಳೆಯದರಿಂದ ತುಂಬ ಉಸಿರೆಳೆದು ಹಿಡಿದುಕೊಳ್ಳಿ, ಮೌತ್‌ಪೀಸ್ ಬದಲಿಸಿ, ಹೊಸದರೊಳಗೆ ಉಸಿರು ಬಿಡಿ. ಮೂಗಿನ ಕ್ಲಿಪ್ ಮಾತ್ರ ಆ ಹೊತ್ತಿಗೆ ಹಳೆಯದೇ ಇರಲಿ, ಹೊಸದಕ್ಕೆ ಆಮೇಲೆ ಕೈ ಹಾಕಬಹುದು.